ಗಣಿತಸಾರಸಂಗ್ರಹದ ಕಂಠಿಕೆಗಳು

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಗೋಷ್ಠಿಯೊಂದರಲ್ಲಿ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದ ಮಾತು ಬಂದಿತು. ಅಲಂಕಾರಶಾಸ್ತ್ರದಲ್ಲಿ ಪರಿಶ್ರಮವುಳ್ಳ ಹಿರಿಯ ಮಿತ್ರರೊಬ್ಬರು ಆ ಗ್ರಂಥದ ಅಚ್ಚುಕಟ್ಟನ್ನು ಬಹುವಾಗಿ ಕೊಂಡಾಡಿ, ಕೊನೆಗೆ ಒಂದು ಆಕ್ಷೇಪವನ್ನೂ ಮುಂದಿಟ್ಟರು. "ಕಂಠಿಕೆ ಎಂದು ಹೆಸರಿಟ್ಟು ಅವನು ಕೊಟ್ಟಿರುವ ಲೆಕ್ಕಗಳು ಮಾತ್ರ ಶಾಸ್ತ್ರಗ್ರಂಥಕ್ಕೆ ಒಪ್ಪತಕ್ಕವಲ್ಲ. ಕಾವ್ಯದಲ್ಲಿ ಚಿತ್ರಬಂಧವು ಹೇಗೋ ಗಣಿತದಲ್ಲಿ ಅವು ಹಾಗೆ, ಬುದ್ಧಿಯ ಕಸರತ್ತೇ ಹೊರತು ತಿರುಳಿಲ್ಲ" ಎಂದರು. ಸಭೆಯಲ್ಲಿ ಅನೇಕರು ತಲೆದೂಗಿದರು. ನನಗೆ ಅಂದು ಉತ್ತರ ತೋರಲಿಲ್ಲ. ಮನೆಗೆ ಬಂದು ಆ ಭಾಗವನ್ನು ಮತ್ತೆ ಓದಿ, ಗುಣಾಕಾರ ಭಾಗಾಕಾರಗಳನ್ನು ಕೈಯಾರೆ ಮಾಡಿ ನೋಡಿದ ಮೇಲೆ ತೋರಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಿತ್ರರ ಆಕ್ಷೇಪವು ಹಗುರವಾದುದಲ್ಲ. ಅದು ನಿಜವಾದರೆ ಆ ಲೆಕ್ಕಗಳನ್ನು ಮಕ್ಕಳಿಗೆ ವಿನೋದಕ್ಕೆಂದು ಹೇಳಿಕೊಟ್ಟು ಸುಮ್ಮನಾಗಬಹುದು. ನಿಜವಲ್ಲದಿದ್ದರೆ ನಾವು ಒಂದು ಒಳ್ಳೆಯ ವಸ್ತುವನ್ನು ಆಟಿಕೆಗಳ ರಾಶಿಯಲ್ಲಿ ಎಸೆದಿದ್ದೇವೆಂದಾಯಿತು.

ಗ್ರಂಥದ ವಿಷಯವಾಗಿ ಎರಡು ಮಾತು ಸಾಕು. ಇದು ಕ್ರಿಸ್ತಶಕ ೯ನೆಯ ಶತಮಾನದ್ದು. ಆರಂಭದಲ್ಲಿಯೇ ಕವಿಯು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದರಿಂದ ಕಾಲದೇಶಗಳ ವಿಷಯದಲ್ಲಿ ಹೆಚ್ಚಿನ ಸಂದೇಹವಿಲ್ಲ. ಕವಿ ಎಂದು ಬೇಕೆಂದೇ ಹೇಳಿದೆನು; ಇಡೀ ಗ್ರಂಥವು ಸಂಸ್ಕೃತ ಶ್ಲೋಕರೂಪವಾದುದು, ಆ ಶ್ಲೋಕಗಳಲ್ಲಿ ಹಲವು ಕಿವಿಗೂ ಇಂಪಾದುವು. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ೧೯೧೨ರಲ್ಲಿ ಪ್ರಕಟಿಸಿದುದರಿಂದ ಹೊರಗಿನ ಪ್ರಪಂಚಕ್ಕೆ ಇದರ ಪರಿಚಯವಾಯಿತು. ತೆಲುಗಿನವರಿಗೆ ಇದು ಪಾವುಲೂರಿ ಮಲ್ಲನನ ಕೈಯಿಂದ ೧೧ನೆಯ ಶತಮಾನದಷ್ಟು ಹಿಂದೆಯೇ ದೊರೆತಿದ್ದಿತು. ನಮ್ಮಲ್ಲಿ ೧೨ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಚಿತ್ರಹಸುಗೆ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. ಆದರೆ ಮಹಾವೀರನ ಮೂಲವನ್ನು ಕನ್ನಡ ಅನುವಾದದೊಡನೆ ಓದಬೇಕೆಂಬವರಿಗೆ ಪದ್ಮಾವತಮ್ಮನವರ ಪುಸ್ತಕವು ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು. ನೃಪತುಂಗನ ಆಸ್ಥಾನದ ಕೃತಿಯೆಂದು 'ಕವಿರಾಜಮಾರ್ಗ'ವನ್ನು ನಾವು ತಲೆಯಮೇಲೆ ಹೊತ್ತು ಮೆರೆಸುವೆವು. ಅದೇ ಅರಸನ ಹೆಸರನ್ನು ಹೊತ್ತ ಈ ಗ್ರಂಥವನ್ನು ಗಣಿತದವರ ಪಾಲಿಗೆ ಬಿಟ್ಟು ಕೈತೊಳೆದುಕೊಂಡಿರುವೆವು.

ಇನ್ನು ಕಂಠಿಕೆಗಳ ವಿಚಾರ. ಗುಣಾಕಾರದ ಉದಾಹರಣೆಗಳಲ್ಲಿ ಮೊದಲು ಬರುವುವು ಜಿನಾಲಯಗಳಿಗೆ ಅರ್ಪಿಸಿದ ಕಮಲಗಳ, ರತ್ನಗಳ ಲೆಕ್ಕಗಳು. ಒಂದೊಂದು ಜಿನಾಲಯಕ್ಕೆ ೧೩೯ ಪುಷ್ಯರಾಗಗಳಂತೆ ೧೦೯ ಜಿನಾಲಯಗಳಿಗೆ ಎಷ್ಟು? ಉತ್ತರವು ೧೫೧೫೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಆದರೆ ಆಚಾರ್ಯನು ಇಲ್ಲಿ ಆ ಮಾತನ್ನೇ ಎತ್ತುವುದಿಲ್ಲ. ಕಂಡವರು ಕಾಣಲಿ ಎಂದು ಮುಂದೆ ಸಾಗುವನು. ಅನಂತರ ಅಂಕಿಗಳನ್ನು ಒಂದರ ಸ್ಥಾನದಿಂದ ಹಿಡಿದು ಒಂದೊಂದಾಗಿ ಇಡಹೇಳಿ, ಇದನ್ನು ಇಷ್ಟರಿಂದ ಗುಣಿಸು, ಅದು ಕಂಠಿಕೆಯಾಗುವುದು ಎನ್ನುವನು. ೧೪೨೮೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೧೦೦೦೧. ೧೪೨೮೫೭೧೪೩ನ್ನು ಅದೇ ೭ರಿಂದ ಗುಣಿಸಿದರೆ ೧೦೦೦೦೦೦೦೦೧. ಎರಡು ಕೊನೆಗಳಲ್ಲಿ ಎರಡು ಮಣಿ, ನಡುವೆ ಬರಿಯ ಸೊನ್ನೆಯ ಸರ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳ ಮಾಲೆ. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ಇದನ್ನು ರಾಜಕುಮಾರನಿಗೆ ತಕ್ಕ ಕಂಠಿಕೆ ಎಂದು ಕರೆದಿರುವನು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಭಾಗಾಕಾರದಲ್ಲಿ ಬರುವ ಒಂದು ಸಂಖ್ಯೆ. ಅದಕ್ಕೆ ಕಂಠಿಕೆಯೆಂಬ ಬಿರುದನ್ನು ಅವನು ಕೊಟ್ಟಿಲ್ಲ. ಕೆಲವು ಚಿನ್ನದ ನಾಣ್ಯಗಳಿವೆ. ಅವುಗಳ ಸಂಖ್ಯೆಯು ಒಂದರಿಂದ ಮೊದಲಾಗಿ ಆರಕ್ಕೆ ಏರಿ, ಅಲ್ಲಿಂದ ಕ್ರಮವಾಗಿ ಇಳಿಯುವಂಥದು. ಅವನ್ನು ೪೪೧ ಜನರಿಗೆ ಹಂಚಿದರೆ ಒಬ್ಬೊಬ್ಬನ ಪಾಲೆಷ್ಟು? ನಾಣ್ಯಗಳ ಸಂಖ್ಯೆ ೧೨೩೪೫೬೫೪೩೨೧. ಒಬ್ಬನ ಪಾಲು ೨೭೯೯೪೬೮೧. ಒಬ್ಬೊಬ್ಬನಿಗೂ ಎರಡು ಕೋಟಿ ಎಪ್ಪತ್ತೊಂಬತ್ತು ಲಕ್ಷಕ್ಕೂ ಮೇಲೆ ಚಿನ್ನದ ನಾಣ್ಯಗಳು! ಅರಬ್ಬೀ ವರ್ತಕನಾದ ಸುಲೈಮಾನನು ೮೫೧ರಲ್ಲಿ ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ ರಾಷ್ಟ್ರಕೂಟ ದೊರೆಯ ಭಂಡಾರವೂ ಇದನ್ನು ಕೇಳಿ ಬೆಚ್ಚಿರಬೇಕು.

ಈ ಸಂಖ್ಯೆಯನ್ನು ಆಚಾರ್ಯನು ಹೇಳಿರುವ ಬಗೆಯನ್ನು ಮೊದಲು ನೋಡಬೇಕು. ನಾವು ಬಾಯಿಂದ ಹೇಳುವುದಾದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎನ್ನಬೇಕು. ಹೀಗೆ ಹೇಳಿದ ಕೂಡಲೆ ಅದರ ಅಂದವೆಲ್ಲ ಮಾಯವಾಗುವುದು. ಶ್ಲೋಕದಲ್ಲಿ ಸಂಖ್ಯೆಗಳನ್ನು ಹೇಳಲು ಗಣಿತಜ್ಞರಿಗೆ ಇನ್ನೊಂದು ದಾರಿಯಿದ್ದಿತು: ಚಂದ್ರನೆಂದರೆ ಒಂದು, ಸಮುದ್ರವೆಂದರೆ ನಾಲ್ಕು ಎಂಬ ಸಂಕೇತ. ಮಹಾವೀರನು ಜೈನಶಾಸ್ತ್ರದಿಂದಲೂ ಇಂಥ ಮಾತುಗಳನ್ನು ತಂದುಕೊಂಡಿರುವನು. ರತ್ನವೆಂದರೆ ಮೂರು, ಕಷಾಯವೆಂದರೆ ನಾಲ್ಕು, ಲೇಶ್ಯೆಯೆಂದರೆ ಆರು, ಕರ್ಮವೆಂದರೆ ಎಂಟು. ಒಂದರಿಂದ ಹಿಡಿದು ಮಹಾಕ್ಷೋಭದವರೆಗೆ ೨೪ ಸ್ಥಾನಗಳ ಹೆಸರುಗಳನ್ನು ಹೇಳಿದವನಿಗೆ ಹನ್ನೊಂದು ಸ್ಥಾನದ ಸಂಖ್ಯೆಯನ್ನು ಹೇಗೆ ಬೇಕಾದರೂ ಹೇಳುವ ಸಾಮಗ್ರಿಯಿದ್ದಿತು. ಆದರೆ ಇಲ್ಲಿ ಅವನು ಆ ಯಾವ ದಾರಿಯನ್ನೂ ಹಿಡಿಯಲಿಲ್ಲ. ಸಂಖ್ಯೆಯ ಬೆಲೆಯನ್ನು ಹೇಳದೆ ಅದರ ಆಕಾರವನ್ನು ಹೇಳಿದನು. ಏರುವುದು, ಇಳಿಯುವುದು, ಅಷ್ಟೆ. ಅಂಕಿಯ ಬೆಲೆಯು ಅದು ನಿಂತ ಸ್ಥಾನದಿಂದ ಬರುವುದೆಂಬ ಪದ್ಧತಿಯು ಓದುಗರ ರಕ್ತದಲ್ಲಿ ಬೆರೆತಿರದಿದ್ದರೆ ಈ ವರ್ಣನೆಗೆ ಅರ್ಥವೇ ಇರುತ್ತಿರಲಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶಬ್ದಗಳಿಂದ ಸಂಖ್ಯೆಯನ್ನು ಹೇಳುವಾಗ ಒಂದರ ಸ್ಥಾನದಿಂದ ಮೊದಲುಮಾಡಿ ಎಡಕ್ಕೆ ಹೋಗುವುದು ಸಂಪ್ರದಾಯ. ಬರೆಯುವುದೂ ಓದುವುದೂ ಎಡದಿಂದ ಬಲಕ್ಕೆ. ಆದುದರಿಂದ ಕಿವಿಗೆ ಕೇಳಿದ ಸಂಖ್ಯೆಯು ಕಣ್ಣಿಗೆ ತಿರುಗುಮುರುಗಾಗಿ ಕಾಣುವುದು. ಕಿವಿಗೂ ಕಣ್ಣಿಗೂ ಇರುವ ಈ ಜಗಳವು ತೀರುವುದು ಕಂಠಿಕೆಯಲ್ಲಿ ಮಾತ್ರ. ಯಾವ ಕಡೆಯಿಂದ ಪೋಣಿಸಿದರೂ ಅದೇ ಸರ. ಇಂಥ ಸಂಖ್ಯೆಗಳ ಮೇಲೆ ನಮ್ಮ ಪೂರ್ವಿಕರ ಕಣ್ಣು ಬಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ.

ಈ ಸಂಖ್ಯೆಯು ಒಂದು ವರ್ಗ. ೧೧೧೧೧೧ನ್ನು ೧೧೧೧೧೧ರಿಂದಲೇ ಗುಣಿಸಿದರೆ ಇದು ಬರುವುದು. ಕಾರಣವನ್ನು ಕಾಗದದ ಮೇಲೆ ಮಾಡಿದರೆ ಒಂದು ನಿಮಿಷದಲ್ಲಿ ಕಾಣಬಹುದು. ಆರು ಒಂದುಗಳ ಸಾಲನ್ನು ಬರೆದು, ಅದರ ಕೆಳಗೆ ಒಂದು ಮನೆ ಎಡಕ್ಕೆ ಸರಿಸಿ ಅದೇ ಸಾಲನ್ನು, ಹೀಗೆ ಆರು ಸಲ ಬರೆಯಿರಿ. ಮೆಟ್ಟಲುಮೆಟ್ಟಲಾಗಿ ಓರೆಯಾದ ಒಂದು ಚೌಕಟ್ಟಾಗುವುದು. ಬಲಗಡೆಯ ಕಂಬದಲ್ಲಿ ಒಂದೇ ಒಂದು, ಅದರ ಮುಂದಿನದರಲ್ಲಿ ಎರಡು, ನಡುವಿನ ಕಂಬದಲ್ಲಿ ಆರು, ಮತ್ತೆ ಐದು, ನಾಲ್ಕು, ಕೊನೆಗೆ ಒಂದು. ಯಾವ ಕಂಬದಲ್ಲಿಯೂ ಒಂಬತ್ತು ಮೀರುವುದಿಲ್ಲವಾದುದರಿಂದ ದಶಕವನ್ನು ಪಕ್ಕದ ಮನೆಗೆ ಒಯ್ಯುವ ಗೊಡವೆಯಿಲ್ಲ. ಎಣಿಸಿದುದೇ ಉತ್ತರ. ಅಂಕಿಗಳನ್ನೆಲ್ಲ ಕೂಡಿದರೆ ೩೬. ಚೌಕಟ್ಟಿನಲ್ಲಿರುವ ಒಂದುಗಳೂ ಅಷ್ಟೇ, ಆರು ಸಾಲಿಗೆ ಆರರಂತೆ. ಇದು ಹತ್ತರ ಎಣಿಕೆಗೆ ಮಾತ್ರ ಸೇರಿದ ಸಂಗತಿಯಲ್ಲ. ನಾವು ಏಳರಿಂದ ಎಣಿಸುವ ಜನರಾಗಿದ್ದರೂ, ಹನ್ನೆರಡರಿಂದ ಎಣಿಸುವವರಾಗಿದ್ದರೂ, ಆರು ಒಂದುಗಳ ವರ್ಗವನ್ನು ಇದೇ ಅಂಕಿಗಳಿಂದ ಬರೆಯುತ್ತಿದ್ದೆವು. ಕೈಗೆ ಹತ್ತು ಬೆರಳಿರುವ ಆಕಸ್ಮಿಕದಿಂದ ಹುಟ್ಟಿದ ಚಮತ್ಕಾರವಲ್ಲ ಇದು.

ಇಷ್ಟು ಹೊರಗಿನ ಅಂದ. ಒಳಗಿನದು ಭಾಜಕದಲ್ಲಿದೆ. ೪೪೧ ಎಂಬುದು ೨೧ರ ವರ್ಗ. ವರ್ಗವನ್ನು ವರ್ಗದಿಂದ ಭಾಗಿಸಿ ಶೇಷವುಳಿಯದಿದ್ದರೆ ಬರುವುದೂ ವರ್ಗವೇ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ಅಂದರೆ ನಾಣ್ಯಗಳನ್ನು ಚೌಕವಾಗಿ ಹರಡಬಹುದು, ಜನರನ್ನು ೨೧ ಸಾಲಿನಲ್ಲಿ ೨೧ ಜನರಂತೆ ಚೌಕವಾಗಿ ನಿಲ್ಲಿಸಬಹುದು, ಒಬ್ಬೊಬ್ಬನೂ ತನ್ನ ಪಾಲನ್ನು ಮನೆಗೊಯ್ದು ಮತ್ತೆ ಚೌಕವಾಗಿಯೇ ಹರಡಿಕೊಳ್ಳಬಹುದು. ಇದನ್ನು ಶ್ಲೋಕವು ಬಾಯಿಬಿಟ್ಟು ಹೇಳುವುದಿಲ್ಲ. ೨೭೯೯೪೬೮೧ ಎಂಬುದನ್ನು ನೋಡಿದರೆ ಯಾರಿಗೂ ಏನೂ ತೋರುವಂತಿಲ್ಲ. ಸಂತೆಯಲ್ಲಿ ಸಿಕ್ಕುವ ಹತ್ತು ಸಂಖ್ಯೆಗಳಲ್ಲಿ ಒಂದರಂತಿದೆ.

ಆಚಾರ್ಯನಿಗೆ ಇದು ತಿಳಿದಿದ್ದಿತೆ, ಅಥವಾ ನಾವೇ ಹೊಗಿಸಿದ ಅರ್ಥವೆ ಎಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ೧೧೧೧೧೧ ಎಂಬುದು ೧೧೧ನ್ನು ೧೦೦೧ರಿಂದ ಗುಣಿಸಿದ ಫಲ. ೧೧೧ರಲ್ಲಿ ೩ ಮತ್ತು ೩೭, ೧೦೦೧ರಲ್ಲಿ ೭, ೧೧, ೧೩ ಅಡಗಿವೆ. ಐದು ಬೇರೆಬೇರೆ ಅವಿಭಾಜ್ಯಗಳು ಒಂದೊಂದು ಸಲ ಮಾತ್ರ ಬಂದಿರುವುದರಿಂದ ಅದರ ವರ್ಗಕ್ಕೆ ೨೪೩ ಭಾಜಕಗಳಿದ್ದು, ಅವುಗಳಲ್ಲಿ ೩೨ ಮಾತ್ರ ವರ್ಗಗಳಾಗುವುವು. ಕಣ್ಣುಮುಚ್ಚಿ ಆರಿಸಿದವನಿಗೆ ೪೪೧ ಸಿಕ್ಕುವ ಸಂಭವ ಕಡಮೆ. ಅಲ್ಲದೆ, ಏಕೆ ಆರರವರೆಗೆ ಏರಿ ನಿಂತನು? ಐದಕ್ಕೆ ನಿಂತಿದ್ದರೆ ಮೂಲವು ೧೧೧೧೧ ಆಗುತ್ತಿದ್ದಿತು. ಅದರಲ್ಲಿ ೪೧ ಮತ್ತು ೨೭೧ ಎಂಬ ಎರಡೇ ಅವಿಭಾಜ್ಯಗಳು. ಏಳಕ್ಕೆ ಹೋಗಿದ್ದರೆ ೨೩೯ ಮತ್ತು ೪೬೪೯. ಪಾಲು ಹಂಚುವುದಕ್ಕೆ ಇವು ಬಡಕಲು ಸಂಖ್ಯೆಗಳು. ಆರು ಒಂದುಗಳ ಸಾಲೊಂದೇ ಇಷ್ಟು ಸಮೃದ್ಧವಾದುದು. ರಾಜಕುಮಾರನ ಕಂಠಿಕೆಯಲ್ಲಿಯೂ ಇದೇ ೧೦೦೧ರ ದಾರ ಹಾದಿದೆ: ೧೧೦೧೧೦೧೧ ಎಂಬುದು ೧೧ ಸಲ ೧೦೦೧೦೦೧, ೯೧ ಎಂಬುದು ೭ ಸಲ ೧೩, ಆ ೭, ೧೧, ೧೩ ಸೇರಿ ೧೦೦೧ ಆಗಿ, ೧೦೦೧೦೦೧ನ್ನು ೧೦೦೧ರಿಂದ ಗುಣಿಸಿದಂತಾಯಿತು. ಒಂದೇ ಕೈ ಒಂದೇ ದಾರದಿಂದ ಎರಡು ಸರಗಳನ್ನು ಕಟ್ಟಿದೆ. ಇದು ಅರಿಯದೆ ಆದುದೆಂದು ನಂಬುವುದು ನನಗೆ ಕಷ್ಟ.

ಮಿತ್ರರ ಆಕ್ಷೇಪಕ್ಕೆ ನೇರವಾಗಿ ಉತ್ತರ ಕೊಡುವ ಸಂಗತಿ ಇನ್ನೊಂದಿದೆ. ಆಚಾರ್ಯನಿಗೆ ಬರಿಯ ಬೆರಗೇ ಬೇಕಾಗಿದ್ದರೆ ಅದೇ ಹೊನ್ನನ್ನು ೧೨೧ ಜನರಿಗೆ ಹಂಚಬಹುದಾಗಿದ್ದಿತು. ಆಗ ಒಬ್ಬೊಬ್ಬನ ಪಾಲು ೧೦೨೦೩೦೨೦೧. ಭಾಜ್ಯವೂ ಕಂಠಿಕೆ, ಭಾಜಕವೂ ಕಂಠಿಕೆ, ಲಬ್ಧವೂ ಕಂಠಿಕೆ! ೧೨೩೨೧ ಜನರಿಗೆ ಹಂಚಿದ್ದರೆ ಪಾಲು ೧೦೦೨೦೦೧. ಅಲ್ಲಿಯೂ ಮೂರು ಸರಗಳು. ಚಿತ್ರಬಂಧದ ಚಪಲವುಳ್ಳ ಕವಿಯು ಇಂಥ ಅವಕಾಶವನ್ನು ಪ್ರಾಣಹೋದರೂ ಬಿಡುತ್ತಿರಲಿಲ್ಲ. ಮಹಾವೀರನು ಬಿಟ್ಟನು. ೪೪೧ನ್ನು ಹಿಡಿದು, ಉತ್ತರವನ್ನು ಸಾಧಾರಣವಾದ ಉಡುಪಿನಲ್ಲಿ ಕಳುಹಿಸಿದನು. ಏಕೆ? ಗ್ರಂಥದ ಕ್ರಮವನ್ನು ನೋಡಿದರೆ ಉತ್ತರ ಹೊಳೆಯುವುದು. ಪರಿಕರ್ಮಗಳು ಎಂಟು, ಗುಣಾಕಾರ ಮೊದಲನೆಯದು, ಭಾಗಾಕಾರ ಎರಡನೆಯದು, ವರ್ಗವು ಮೂರನೆಯದು, ವರ್ಗಮೂಲವು ನಾಲ್ಕನೆಯದು. ಈ ಲೆಕ್ಕವನ್ನು ಮಾಡುವಾಗ ಶಿಷ್ಯನಿಗೆ ವರ್ಗದ ಪಾಠವೇ ಆಗಿಲ್ಲ. ಕಂಠಿಕೆಯಾದ ಉತ್ತರ ಬಂದರೆ ಅವನು ಅದನ್ನು ನೋಡಿಯೇ ಲೆಕ್ಕ ಸರಿಯೆಂದು ತಿಳಿದು ಕೈಬಿಡುವನು. ೨೭೯೯೪೬೮೧ ಬಂದರೆ ಮೊದಲಿನಿಂದ ಕೊನೆಯವರೆಗೂ ದುಡಿಯಬೇಕು. ಮುಂದೆ ವರ್ಗಮೂಲವನ್ನು ಕಲಿತ ಮೇಲೆ ಎಂದಾದರೂ ಹಿಂದಿರುಗಿ ಬಂದರೆ ಅವನಿಗಾಗಿ ಒಂದು ನಿಧಿ ಕಾದಿದೆ. ಈ ಕೊನೆಯ ಮಾತು ನನ್ನ ಊಹೆಯೇ ಆದರೂ, ಉಪಾಧ್ಯಾಯನಾಗಿ ಕೆಲಸಮಾಡಿದವರಾರೂ ಇದನ್ನು ಅಸಂಭವವೆನ್ನಲಾರರು.

ಈಗ ಚಿತ್ರಕಾವ್ಯದ ಹೋಲಿಕೆಗೆ ಬರೋಣ. ಗತಪ್ರತ್ಯಾಗತವೆಂಬ ಬಂಧವನ್ನು ವಾಚಕರು ಬಲ್ಲರು. ಮುಂದಿನಿಂದಲೂ ಹಿಂದಿನಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಪಾದ. ಭಾರವಿಯು ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಇದನ್ನು ಮಾಡಿ ತೋರಿಸಿರುವನು, ಮಾಘನು ಬಿಟ್ಟಾನೆಯೇ? ದಂಡಿಯು ಇಂಥ ದುಷ್ಕರಗಳಿಗೆ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಜಾಗಕೊಟ್ಟನು. ಕವಿರಾಜಮಾರ್ಗಕಾರನು ದಂಡಿಯಿಂದ ಧಾರಾಳವಾಗಿ ಪಡೆದವನಾದುದರಿಂದ, ಮಹಾವೀರನ ಸುತ್ತಮುತ್ತ ಈ ರುಚಿ ಇದ್ದಿತೆನ್ನಲು ಅಡ್ಡಿಯಿಲ್ಲ. ಗಣಿತದ ಉಪಯೋಗಗಳನ್ನು ಎಣಿಸುವಾಗ ಅವನೇ ಛಂದಸ್ಸು, ಅಲಂಕಾರ, ಕಾವ್ಯಗಳನ್ನು ಸಂಗೀತ ನಾಟ್ಯ ಪಾಕಶಾಸ್ತ್ರಗಳೊಡನೆ ಹೆಸರಿಸಿರುವನು. ಅದೇ ಶತಮಾನದಲ್ಲಿ ಕಾಶ್ಮೀರದಲ್ಲಿ ಆನಂದವರ್ಧನನು ಚಿತ್ರವನ್ನು ಕಾವ್ಯದ ಅನುಕರಣವೇ ಹೊರತು ಕಾವ್ಯವಲ್ಲವೆಂದು ತೀರ್ಪುಕೊಟ್ಟನು. ಮಿತ್ರರ ಆಕ್ಷೇಪದ ಬೇರು ಇರುವುದು ಇಲ್ಲಿಯೇ.

ಆನಂದವರ್ಧನನ ತೀರ್ಪನ್ನು ನಾನು ಅಲ್ಲಗಳೆಯಲಾರೆ. ಗತಪ್ರತ್ಯಾಗತದಲ್ಲಿ ಅಕ್ಷರಗಳ ಕ್ರಮವು ಅರ್ಥಕ್ಕೆ ಹೊರಗಿನದು. ಕವಿಯು ಮಾತಿನ ಕತ್ತನ್ನು ಹಿಡಿದು ತಿರುಗಿಸಬೇಕು. ನಿಘಂಟನ್ನು ಶೋಧಿಸಿ ಯಾರೂ ಆಡದ ಪದವನ್ನು ತರಬೇಕು. ಕೊನೆಗೆ ವ್ಯಾಖ್ಯಾನಕಾರನು ಬಂದು ಅರ್ಥವನ್ನು ಬದುಕಿಸಬೇಕು. ಬಂಧವು ಸಿದ್ಧಿಸಿದಷ್ಟೂ ಭಾವವು ಬತ್ತುವುದು. ಸಂಖ್ಯೆಯಲ್ಲಿ ಹೀಗಿಲ್ಲ. ಅಲ್ಲಿ ಅಂಕಿಗಳ ಕ್ರಮವೇ ಅರ್ಥ. ಅದನ್ನು ಬಿಟ್ಟು ಬೇರೊಂದು ಅರ್ಥವಿಲ್ಲ. ೧೨೩೪೫೬೫೪೩೨೧ನ್ನು ಯಾರೂ ತಿರುಚಲಿಲ್ಲ, ಹಿಂಸಿಸಲಿಲ್ಲ. ಆರು ಸಾಲುಗಳನ್ನು ಕೂಡಿದಾಗ ಅದು ತಾನಾಗಿಯೇ ಹಾಗೆ ನಿಂತಿತು. ಗಣಿತಜ್ಞನು ಮಾಡಿದ ಕೆಲಸ ಆಭರಣವನ್ನು ತೊಡಿಸಿದುದಲ್ಲ. ಮೈಯಲ್ಲಿಯೇ ಇದ್ದ ಚೆಲುವನ್ನು ಕಂಡು ತೋರಿಸಿದುದು. ಹಾಗಾದರೆ ಕಂಠಿಕೆಯೆಂಬ ಹೆಸರೇ ತಪ್ಪಲ್ಲವೆ ಎಂದರೆ, ಹೌದು, ಒಂದು ಅಂಶದಲ್ಲಿ ಆಚಾರ್ಯನು ತನ್ನ ವಸ್ತುವಿಗೆ ತಾನೇ ಅನ್ಯಾಯಮಾಡಿರುವನೆಂದು ನಾನು ಒಪ್ಪುತ್ತೇನೆ. ಹೆಸರು ಆಭರಣದ್ದಾದುದರಿಂದ ನೋಡಿದವರು ಅಲಂಕಾರವೆಂದೇ ತಿಳಿದರು.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಕಂಠಿಕೆಗಳೂ ಸಮವೆಂದು ನನ್ನ ಅಭಿಪ್ರಾಯವಲ್ಲ. ಆರು ಮೂರುಗಳು, ಐದು ಆರುಗಳು, ಒಂದು ಏಳು, ಹೀಗೆ ಬರೆದು ೩೩ರಿಂದ ಗುಣಿಸೆನ್ನುವ ಲೆಕ್ಕದಲ್ಲಿ ಉತ್ತರವು ೧೧೦೦೦೦೧೧೦೦೦೦೧೧ ಎಂದು ಬರುವುದು ನಿಜ; ಆದರೆ ಗುಣ್ಯವೇ ಆಗಲೆ ಒಪ್ಪವಾಗಿ ಜೋಡಿಸಿದಂತಿದ್ದು ಮುಂದೆ ಬರುವುದನ್ನು ಮೊದಲೇ ಸಾರುವುದು. ಬೆರಗಿಲ್ಲ. ೩೭೦೩೭೦೩೭ನ್ನು ೩ರಿಂದ ಗುಣಿಸಿ, ಬಂದುದನ್ನು ಒಂದರಿಂದ ಒಂಬತ್ತರವರೆಗೆ ಗುಣಿಸುತ್ತ ಹೋಗೆನ್ನುವುದು ಮಕ್ಕಳಿಗೆ ಹಬ್ಬ. ದೊಡ್ಡವರಿಗೆ ಮೊದಲನೆಯ ಹೆಜ್ಜೆಯಾದ ಮೇಲೆ ಉಳಿಯುವುದೇನೂ ಇಲ್ಲ. ಇನ್ನು ೨೬೨೧೪೪ನ್ನು ೬೪ರಿಂದ ಗುಣಿಸಿದರೆ ಬರುವ ೧೬೭೭೭೨೧೬ ಎಂಬುದು ೬೪ನ್ನು ನಾಲ್ಕು ಸಲ ಗುಣಿಸಿದ ಫಲ. ಅದಕ್ಕೆ ಬೇರೆ ಗುಣವಿದ್ದರೂ ಅದು ಕಂಠಿಕೆಯಲ್ಲ, ಅವನು ಹಾಗೆಂದು ಕರೆಯಲೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಎಲ್ಲಿಯೂ ಉಪಪತ್ತಿಯಿಲ್ಲ. ಹೀಗೆ ಮಾಡು, ಹೀಗಾಗುವುದು ಎಂದಷ್ಟೇ ಹೇಳಿ ಸುಮ್ಮನಾಗುವನು. ಕಾರಣವನ್ನು ಬಾಯಿಂದ ಹೇಳುವುದು ಗುರುವಿನ ಕೆಲಸವೆಂಬುದು ಅಂದಿನ ಪದ್ಧತಿ. ಆದರೆ ಗುರುಪರಂಪರೆ ಕಡಿದುಹೋದ ಮೇಲೆ ಶ್ಲೋಕವು ಬರಿಯ ಗಾರುಡಿಯಾಗಿ ಉಳಿಯುವ ಅಪಾಯವಿದೆ, ಉಳಿದೂ ಇದೆ. ಕಾರಣವನ್ನು ಬರೆಯದವನು ಕೆಲವೊಮ್ಮೆ ಎಡವುವುದೂ ಉಂಟು: ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಮಾರ್ಪಡದೆ ಹಾಗೆಯೇ ಉಳಿಯುವುದೆಂದು ಇದೇ ಗ್ರಂಥದಲ್ಲಿ ಹೇಳಿರುವನು. ಆ ಮಾತಿಗೆ ಉಪಪತ್ತಿಯನ್ನು ಬರೆಯಹೊರಟಿದ್ದರೆ ಅವನ ಲೇಖನಿಯೇ ತಡೆಯುತ್ತಿದ್ದಿತು.

ನಮ್ಮ ಶಾಲೆಗಳಲ್ಲಿ ಈ ಲೆಕ್ಕಗಳನ್ನು ಹೇಳಿಕೊಡುವುದಾದರೆ ಸಾಲು ಸಾಲಾಗಿ ಬರೆದು ಕೂಡಿಸಿಯೇ ಹೇಳಿಕೊಡಬೇಕೆಂಬುದಕ್ಕೆ ಮೊನ್ನೆ ಮನೆಯಲ್ಲಿ ನಡೆದುದೇ ಸಾಕ್ಷಿ. ಮೊಮ್ಮಗಳು ನನ್ನ ಮೇಜಿನ ಮೇಲಿದ್ದ ಎಂಟು ಅಂಕಿಯ ಗಣನಯಂತ್ರದಲ್ಲಿ ಆರು ಒಂದುಗಳನ್ನು ಒತ್ತಿ ಗುಣಿಸಲು ಹೋದಳು. ಹನ್ನೊಂದು ಅಂಕಿಯ ಉತ್ತರಕ್ಕೆ ಅದರಲ್ಲಿ ಜಾಗವಿಲ್ಲದೆ ಅದು ತಪ್ಪೆಂದು ಸೂಚಿಸಿ ಮುಷ್ಕರ ಹೂಡಿತು. "ಅಜ್ಜಾ, ಕೈಯಲ್ಲೇ ಮಾಡ್ತೀನಿ" ಎಂದು ಕಾಗದ ಹಿಡಿದು ಕೂತಳು. ಆರು ಒಂದುಗಳದು ಬಂದಿತು. ಏಳು, ಎಂಟು, ಒಂಬತ್ತು. ಒಂಬತ್ತು ಒಂದುಗಳ ವರ್ಗ ೧೨೩೪೫೬೭೮೯೮೭೬೫೪೩೨೧ ಎಂದು ಬಂದಾಗ ಅಡಿಗೆಯ ಮನೆಯವರೆಗೂ ಓಡಿಹೋಗಿ ತೋರಿಸಿಬಂದಳು. ನಾನು ಹತ್ತನ್ನೂ ಮಾಡು ಎಂದೆನು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಮುಖ ಚಿಕ್ಕದು ಮಾಡಿಕೊಂಡು ಕಾಗದವನ್ನು ನನ್ನ ಮುಂದಿಟ್ಟಳು: ೧೨೩೪೫೬೭೯೦೦೯೮೭೬೫೪೩೨೧. ನಡುವಿನ ಕಂಬದಲ್ಲಿ ಹತ್ತು ಬಂದು, ಒಂದು ದಶಕವು ಪಕ್ಕದ ಮನೆಗೆ ಹೋಗಿ, ಅಲ್ಲಿದ್ದ ಒಂಬತ್ತನ್ನೂ ಹತ್ತುಮಾಡಿ, ಅದರಾಚೆಯ ಎಂಟನ್ನು ಒಂಬತ್ತುಮಾಡಿ ನಿಂತಿದ್ದಿತು. ಇಳಿಯುವ ಕಡೆ ಎಲ್ಲ ಮಣಿಗಳೂ ಇದ್ದುವು. ಏರುವ ಕಡೆ ಎಂಟು ಇಲ್ಲ. "ಎಲ್ಲಿ ತಪ್ಪಿದೆ ಹೇಳಿ ಅಜ್ಜಾ" ಎಂದಳು. ತಪ್ಪೆಲ್ಲಿಯೂ ಇರಲಿಲ್ಲ. ಆ ಎಂಟು ಎಲ್ಲಿಗೆ ಹೋಯಿತೆಂಬುದನ್ನು ಅವಳೇ ಹುಡುಕಲೆಂದು ಕಾಗದವನ್ನು ಅವಳ ಕೈಗೆ ಹಿಂದಕ್ಕೆ ಕೊಟ್ಟೆನು.